ಹಡಗು ಅರಗಾದಲ್ಲಿ, ಬಿಳಿ ಹುಲಿಗಳು ದಾಬೋಲಿಂನಲ್ಲಿ

ಭಾರತದಲ್ಲಿ ಹಡಗಿನ ಮೇಲಿಂದ ಹಾರಿದ ಮೊದಲ ಯುದ್ಧವಿಮಾನ ದಳ ಯಾವುದು ಎಂದು ಕಳೆದ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದರು. ‘ನೌಕಾಪಡೆಯ 300ನೇ ಸ್ಕ್ವಾಡ್ರನ್, ಅಡ್ಡಹೆಸರು ಬಿಳಿ ಹುಲಿಗಳು’ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಒಂದು ಸಾಲು ಉತ್ತರ ಕನ್ನಡದ ಓದುಗರಿಗೆ ಸಾಕಾಗಲಿಲ್ಲ. ಕರಾವಳಿಯ ಊರುಗಳಿಂದಲೂ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಗಳಿಂದಲೂ ಬಂದ ಪತ್ರಗಳು ಅದೇ ದಳದ ಸುತ್ತ ಇರುವುದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಒಂದೇ ಸಂಗತಿ ಕೇಳಿದ ಪತ್ರಗಳನ್ನು ಒಂದಾಗಿ ಸೇರಿಸಿದ್ದೇನೆ.

ಪ್ರಶ್ನೆ: ವಿಮಾನವಾಹಕ ನೌಕೆ ವಿಕ್ರಮಾದಿತ್ಯ ನಮ್ಮ ಅರಗಾದ ನೌಕಾನೆಲೆಯಲ್ಲಿ ನಿಲ್ಲುತ್ತದೆ. ಮೀನಿಗೆ ಹೋಗುವಾಗ ದೂರದಿಂದ ಅದನ್ನು ಕಂಡದ್ದೂ ಉಂಟು. ಆದರೆ ಬಂದರಿನಲ್ಲಿದ್ದಾಗ ಅದರ ಮೇಲೆ ಯುದ್ಧವಿಮಾನಗಳ ಸಾಲು ಕಂಡದ್ದಿಲ್ಲ, ಅಲ್ಲಿಂದ ವಿಮಾನ ಏರಿದ್ದನ್ನೂ ಕಂಡದ್ದಿಲ್ಲ. ವಿಮಾನಗಳೇ ಇಲ್ಲದ ವಿಮಾನವಾಹಕವೇ ಇದು?
(ಮೀನುಗಾರರೊಬ್ಬರು, ಬೈತಖೋಲ, ಕಾರವಾರ)

ಉತ್ತರ: ನಿಮ್ಮ ಕಣ್ಣು ತಪ್ಪಿಲ್ಲ. ಹಡಗು ಬೇರೆ, ಅದರ ಮೇಲಿಂದ ಹಾರುವ ದಳ ಬೇರೆ. ಹಡಗಿಗೆ ಮನೆ ಬಂದರು. ದಳಕ್ಕೆ ಮನೆ ದಡದ ಮೇಲಿನ ವಾಯುನೆಲೆ. ಬಿಳಿ ಹುಲಿಗಳ ಮನೆ ಗೋವಾದ ದಾಬೋಲಿಂನಲ್ಲಿರುವ ಐಎನ್‌ಎಸ್ ಹಂಸ ಎಂಬ ನೌಕಾ ವಾಯುನೆಲೆ. ಕಾರವಾರದಿಂದ ನೇರ ಗೆರೆ ಎಳೆದರೆ ಅದು ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ಸಾಮಾನ್ಯವಾಗಿ ಹಡಗು ಅರಗಾ ಬಿಟ್ಟು ನಡುಗಡಲಿಗೆ ಹೋದ ಮೇಲೆ ವಿಮಾನಗಳು ದಾಬೋಲಿಂನಿಂದ ಹಾರಿ ಬಂದು ಅದರ ಮೇಲೆ ಇಳಿಯುತ್ತವೆ, ಹಡಗು ಬಂದರಿಗೆ ಮರಳುವ ಮುಂಚೆಯೇ ಮತ್ತೆ ಹಾರಿ ದಾಬೋಲಿಂ ಸೇರಿಕೊಳ್ಳುತ್ತವೆ.

ಇದಕ್ಕೆ ಕಾರಣ ಗಾಳಿ, ಮತ್ತು ದೋಣಿಯವರಾದ ನಿಮಗೆ ಅದನ್ನು ವಿವರಿಸುವುದು ಸುಲಭ. ವಿಮಾನ ಮೇಲೇಳಲು ಲೆಕ್ಕಕ್ಕೆ ಬರುವುದು ಅದರ ಗಾಲಿ ಉರುಳುವ ವೇಗವಲ್ಲ, ಅದರ ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ. ಎದುರಿನಿಂದ 10 ನಾಟ್ ಗಾಳಿ ಬೀಸುತ್ತಿರುವಾಗ ಹಡಗು ಅದಕ್ಕೆ ಮುಖಮಾಡಿ 20 ನಾಟ್ ವೇಗದಲ್ಲಿ ಸಾಗಿದರೆ, ಡೆಕ್ಕಿನ ಮೇಲೆ ಸುಮ್ಮನೆ ನಿಂತ ವಿಮಾನದ ರೆಕ್ಕೆಗೂ 30 ನಾಟ್, ಎಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್ ಗಾಳಿ ಪುಕ್ಕಟೆಯಾಗಿ ಸಿಕ್ಕಿರುತ್ತದೆ. ಇಳಿಯುವಾಗಲೂ ಅಷ್ಟೇ, ಹಡಗು ಮುಂದಕ್ಕೆ ಸಾಗುತ್ತಿರುವುದರಿಂದ ಡೆಕ್ಕಿಗೆ ತಾಗುವ ವಿಮಾನದ ವೇಗ ಅಷ್ಟು ಕಡಿಮೆಯಾದಂತೆ ಆಗುತ್ತದೆ. ಬಂದರಿನ ಧಕ್ಕೆಗೆ ಕಟ್ಟಿದ ಹಡಗಿನ ಮೇಲೆ ಈ ಅನುಕೂಲ ಇರುವುದಿಲ್ಲ. ವಿಕ್ರಮಾದಿತ್ಯದ ಉದ್ದ 284 ಮೀಟರ್, ಕೊಂಕಣ ರೈಲಿನ ಹನ್ನೆರಡು ಬೋಗಿಗಳನ್ನು ಸಾಲಾಗಿ ನಿಲ್ಲಿಸಿದಷ್ಟು. ದಾಬೋಲಿಂನ ರನ್‌ವೇ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದ. ಬಂದರಿನಲ್ಲಿ ನಿಂತ ಹಡಗಿನ ಮೇಲೆ ವಿಮಾನ ಇಟ್ಟುಕೊಂಡರೆ ಅದು ಹಾರಲೂ ಆಗದು, ಪೈಲಟ್‌ಗಳಿಗೆ ಅಭ್ಯಾಸವೂ ಆಗದು. ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣ ಮಾಡುವ ಯೋಜನೆಯ ಹಿಂದೆಯೂ ಹಡಗು ಇಲ್ಲಿದ್ದು ವಾಯುನೆಲೆ ಅಲ್ಲಿರುವ ಈ ಅಂತರವೇ ಇದೆ ಎಂದು ನನಗೆ ತೋರುತ್ತದೆ.

ಮುಂದಿನ ಉತ್ತರಗಳನ್ನು ಓದುವಾಗಲೂ ಗಾಳಿ ಮತ್ತು ಡೆಕ್ಕಿನ ಉದ್ದ ಇವೆರಡನ್ನು ಮರೆಯಬೇಡಿ. ಈ ದಳ ಯಾವ ವಿಮಾನ ಕೊಂಡಿತು, ಯಾವಾಗ ಬಿಟ್ಟಿತು, ಯುದ್ಧದಲ್ಲಿ ಏನು ಮಾಡಿತು ಎಂಬುದನ್ನೆಲ್ಲ ಬಹುಮಟ್ಟಿಗೆ ನಿರ್ಧರಿಸಿದ್ದು ಅದರ ಕಾಲ ಕೆಳಗಿದ್ದ ಹಡಗು.

ಪ್ರಶ್ನೆ: ಈ ದಳ ಶುರುವಾದದ್ದು ಯಾವಾಗ, ಎಲ್ಲಿ? 300 ಎಂಬ ಸಂಖ್ಯೆ ಏಕೆ? ಒಂದು ಸ್ಕ್ವಾಡ್ರನ್ ಎಂದರೆ ಎಷ್ಟು ವಿಮಾನ?
(ಪದವಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: 1960ರ ಜುಲೈ 7ರಂದು, ಬ್ರಿಟನ್ನಿನ ವೇಲ್ಸ್ ಪ್ರಾಂತದ ಬ್ರಾಡಿ ಎಂಬ ನೌಕಾ ವಾಯುನೆಲೆಯಲ್ಲಿ. ಮೊದಲ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕಮಾಂಡರ್ ಬಿ. ಆರ್. ಆಚಾರ್ಯ. ಭಾರತದ ದಳವೊಂದು ಪರದೇಶದಲ್ಲಿ ಹುಟ್ಟಿದ್ದೇಕೆ ಎಂದರೆ, ಅದು ಹತ್ತಬೇಕಾಗಿದ್ದ ಹಡಗು ಆಗ ಅಲ್ಲಿಯೇ, ಬೆಲ್‌ಫಾಸ್ಟ್‌ನ ಹಡಗುಕಟ್ಟೆಯಲ್ಲಿ, ಸಿದ್ಧವಾಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ‘ಹರ್ಕ್ಯುಲಿಸ್’ ಎಂಬ ಹೆಸರಿನಲ್ಲಿ ಕಟ್ಟಲು ತೊಡಗಿ, 1945ರಲ್ಲಿ ನೀರಿಗೆ ಇಳಿಸಿ, ಯುದ್ಧ ಮುಗಿದದ್ದರಿಂದ ಅರ್ಧಕ್ಕೆ ನಿಲ್ಲಿಸಿದ್ದ ಹಡಗನ್ನು ಭಾರತ 1957ರಲ್ಲಿ ಕೊಂಡು ಪೂರ್ತಿಗೊಳಿಸಿತು. 1961ರ ಮಾರ್ಚ್ 4ರಂದು ಅದು ಐಎನ್‌ಎಸ್ ವಿಕ್ರಾಂತ್ ಆಗಿ ನೌಕಾಪಡೆ ಸೇರಿತು. ಅದೇ ವರ್ಷದ ಮೇ 18ರಂದು ಲೆಫ್ಟಿನೆಂಟ್ ಆರ್. ಎಚ್. ತಹಿಲಿಯಾನಿ ಅದರ ಮೇಲೆ ಮೊದಲ ಜೆಟ್ ವಿಮಾನವನ್ನು ಇಳಿಸಿದರು. ಆ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ. ನವೆಂಬರ್ 3ರಂದು ಹಡಗು ಮುಂಬಯಿ ತಲುಪಿತು.

ಅವರು ಇಳಿಸಿದ ವಿಮಾನ ‘ಸೀ ಹಾಕ್’, ಎಂದರೆ ಕಡಲ ಗಿಡುಗ. ಒಂದೇ ಎಂಜಿನ್, ಒಬ್ಬನೇ ಪೈಲಟ್, ಮೂತಿಯ ಅಡಿಯಲ್ಲಿ 20 ಮಿಲಿಮೀಟರಿನ ನಾಲ್ಕು ಫಿರಂಗಿಗಳು. ಡೆಕ್ಕಿನ ಕೆಳಗಿನ ಕೊಠಡಿಯಲ್ಲಿ ಹೆಚ್ಚು ವಿಮಾನ ಹಿಡಿಯಲೆಂದು ರೆಕ್ಕೆಗಳನ್ನು ಮೇಲಕ್ಕೆ ಮಡಿಸಿಡಬಹುದಾಗಿತ್ತು.

ಸಂಖ್ಯೆಯ ವಿಷಯ ಸರಳ. ನೌಕಾಪಡೆಯಲ್ಲಿ 300ರ ಸರಣಿ ಕಾರ್ಯಾಚರಣೆಯ ದಳಗಳಿಗೆ, 500ರ ಸರಣಿ ಮುಖ್ಯವಾಗಿ ತರಬೇತಿಯಂತಹ ಕೆಲಸದ ದಳಗಳಿಗೆ ಮೀಸಲು. ಮುಂಚೂಣಿಯ ಸಾಲಿನಲ್ಲಿ ಮೊದಲನೆಯದಾದ್ದರಿಂದ ಇದು 300. ವಾಯುಪಡೆಯ ಯುದ್ಧವಿಮಾನ ಸ್ಕ್ವಾಡ್ರನ್‌ನಲ್ಲಿ ಸಾಮಾನ್ಯವಾಗಿ 16ರಿಂದ 18 ವಿಮಾನಗಳಿರುತ್ತವೆ ಎನ್ನುತ್ತಾರೆ. ಆದರೆ 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ವಾಯುಪಡೆಯ ಮೊಟ್ಟಮೊದಲ ಸ್ಕ್ವಾಡ್ರನ್ ಶುರುವಾದಾಗ ಅದರಲ್ಲಿದ್ದದ್ದು ನಾಲ್ಕೇ ನಾಲ್ಕು ವಾಪಿಟಿ ವಿಮಾನಗಳು. ಹಾಗಾಗಿ ವಿಮಾನ ಎಣಿಸಿ ಸ್ಕ್ವಾಡ್ರನ್ ಗುರುತಿಸಲು ಹೋಗಬೇಡಿ. ನಿಮ್ಮ ಸೀಮೆಯ ಯಕ್ಷಗಾನ ಮೇಳವನ್ನೇ ನೋಡಿ: ಭಾಗವತರು ಬದಲಾಗುತ್ತಾರೆ, ವೇಷಧಾರಿಗಳು ಬದಲಾಗುತ್ತಾರೆ, ಪೆಟ್ಟಿಗೆಯ ಬಟ್ಟೆ ಬದಲಾಗುತ್ತದೆ, ಮೇಳ ಮಾತ್ರ ಅದೇ ಹೆಸರಿನಲ್ಲಿ ತಿರುಗಾಟಕ್ಕೆ ಹೊರಡುತ್ತದೆ.

ಪ್ರಶ್ನೆ: ಗೋವಾ ವಿಮೋಚನೆಯಲ್ಲಿ ಅಂಜುದೀವ ದ್ವೀಪದ ಮೇಲೆ ಬಾಂಬು ಹಾಕಿದ್ದು ಈ ವಿಮಾನಗಳೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಿಜವೇ?
(ಓದುಗರು, ಬಿಣಗಾ)

ಉತ್ತರ: ಅಲ್ಲ. ಅಂದು ವಿಕ್ರಾಂತ್ ತನ್ನ ಸೀ ಹಾಕ್‌ಗಳೊಂದಿಗೆ ಗೋವಾ ತೀರದಾಚೆ ಕಾವಲಿಗಿದ್ದದ್ದು ನಿಜ. ಆದರೆ ಅಂಜುದೀವದ ಕೆಲಸ ನಡೆದದ್ದು ಹಡಗಿನ ಫಿರಂಗಿಗಳಿಂದ ಮತ್ತು ದಡಕ್ಕೆ ಇಳಿದ ನಾವಿಕರಿಂದ. 1961ರ ನವೆಂಬರ್‌ನಲ್ಲಿ ದ್ವೀಪದ ಪೋರ್ಚುಗೀಸ್ ಪಡೆ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿ ಒಬ್ಬ ಮೀನುಗಾರನನ್ನು ಕೊಂದಿತ್ತು. ಡಿಸೆಂಬರ್ 18ರಂದು ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ದ್ವೀಪವನ್ನು ಸುತ್ತುವರಿದವು. ಬಿಳಿ ಬಾವುಟ ಕಂಡು ದಡಕ್ಕೆ ಹೋದ ನಮ್ಮವರ ಮೇಲೆ ಒಳಗಿನಿಂದ ಗುಂಡು ಹಾರಿತು. ಏಳು ಮಂದಿ ನೌಕಾಪಡೆಯವರು ಅಲ್ಲಿ ಪ್ರಾಣ ಬಿಟ್ಟರು.

ಅದೇ ದಿನ ವಿಮಾನದಿಂದ ಬಾಂಬು ಬಿದ್ದದ್ದೂ ಹೌದು, ಆದರೆ ಉತ್ತರಕ್ಕೆ, ಗೋವಾದ ಒಳಗೆ, ಮತ್ತು ಹಾಕಿದ್ದು ವಾಯುಪಡೆ. ಬೆಳಗಾವಿಯ ಸಾಂಬ್ರಾದಿಂದ ಹೊರಟ 17ನೇ ಸ್ಕ್ವಾಡ್ರನ್‌ನ ಹಂಟರ್ ವಿಮಾನಗಳು ಬಾಂಬೋಲಿಂನ ನಿಸ್ತಂತು ಕೇಂದ್ರವನ್ನು ಹೊಡೆದುರುಳಿಸಿದವು. ಆ 17ನೇ ಸ್ಕ್ವಾಡ್ರನ್ ಇಂದು ಅಂಬಾಲಾದಲ್ಲಿ ರಫೇಲ್ ಹಾರಿಸುತ್ತಿದೆ. ಹನ್ನೆರಡು ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಲಿಂ ವಿಮಾನ ನಿಲ್ದಾಣದ ರನ್‌ವೇಯ ಮೇಲೆ 63,000 ಪೌಂಡ್ ಬಾಂಬು ಸುರಿದವು. ನಿಲ್ದಾಣದ ಕಟ್ಟಡಕ್ಕೆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕೆಂಬ ಸೂಚನೆ ಅವರಿಗಿತ್ತು. ಮುಂದೆ ಆ ನಿಲ್ದಾಣ ನೌಕಾಪಡೆಯ ಕೈಗೆ ಬಂದು, ಕೊಯಮತ್ತೂರಿನ ಬಳಿಯ ಸೂಲೂರಿನಲ್ಲಿದ್ದ ಐಎನ್‌ಎಸ್ ಹಂಸ 1964ರಲ್ಲಿ ದಾಬೋಲಿಂಗೆ ಸ್ಥಳಾಂತರವಾಯಿತು. ನಮ್ಮದೇ ಬಾಂಬಿನಿಂದ ಗುಂಡಿಬಿದ್ದ ರನ್‌ವೇ ಮೂರು ವರ್ಷಗಳೊಳಗೆ ಬಿಳಿ ಹುಲಿಗಳ ಅಂಗಳವಾಯಿತು.

ಪ್ರಶ್ನೆ: 1971ರ ಯುದ್ಧದಲ್ಲಿ ವಿಕ್ರಾಂತ್‌ನ ಬಾಯ್ಲರ್ ಒಡೆದಿತ್ತು, ಆದರೂ ಅದನ್ನು ಯುದ್ಧಕ್ಕೆ ಕಳುಹಿಸಿದರು ಎಂದು ಓದಿದ್ದೇನೆ. ಬಾಯ್ಲರ್‌ಗೂ ವಿಮಾನ ಹಾರುವುದಕ್ಕೂ ಏನು ಸಂಬಂಧ? ಆ ಯುದ್ಧದಲ್ಲಿ ದಳದ ಪಾತ್ರವೇನು?
(ನಿವೃತ್ತ ಶಿಕ್ಷಕರು, ಹೊನ್ನಾವರ)

ಉತ್ತರ: ಸಂಬಂಧ ನೇರವಾದದ್ದು. ವಿಕ್ರಾಂತ್ ಉಗಿಯ ಹಡಗು. ನಾಲ್ಕು ಬಾಯ್ಲರ್‌ಗಳ ಉಗಿಯೇ ಅದರ ಪ್ರೊಪೆಲ್ಲರ್‌ಗಳನ್ನು ತಿರುಗಿಸುತ್ತಿತ್ತು, ಮತ್ತು ಅದೇ ಉಗಿ ಕ್ಯಾಟಪಲ್ಟ್ ಎಂಬ ಯಂತ್ರವನ್ನೂ ನಡೆಸುತ್ತಿತ್ತು. ಡೆಕ್ಕಿನಲ್ಲಿ ಉದ್ದಕ್ಕೆ ಒಂದು ಸೀಳು; ಅದರ ಕೆಳಗೆ ಕೊಳವೆಯೊಳಗೆ ಉಗಿಯ ಒತ್ತಡದಿಂದ ಓಡುವ ಆಡುಬೆಣೆ (ಪಿಸ್ಟನ್); ವಿಮಾನವನ್ನು ಅದಕ್ಕೆ ತಗಲಿಸಿ ಉಗಿ ಬಿಟ್ಟರೆ, ಕವಣೆಯ ಕಲ್ಲಿನಂತೆ ಎರಡು ಮೂರು ಸೆಕೆಂಡಿನೊಳಗೆ ವಿಮಾನ ಡೆಕ್ಕಿನ ಅಂಚು ದಾಟಿ ಗಾಳಿಯಲ್ಲಿರುತ್ತದೆ. ಕ್ಯಾಟಪಲ್ಟ್ ಕೊಡುವ ವೇಗಕ್ಕೆ ಎದುರುಗಾಳಿಯ ವೇಗ ಸೇರಿದರೆ ಮಾತ್ರ ಬಾಂಬು, ರಾಕೆಟ್ಟು ಹೊತ್ತ ಸೀ ಹಾಕ್ ಏಳಬಲ್ಲದು. ಒಂದು ಬಾಯ್ಲರ್‌ನಲ್ಲಿ ಬಿರುಕು ಕಂಡು ಅದನ್ನು ಬಳಕೆಯಿಂದ ಬಿಟ್ಟಾಗ, 24 ನಾಟ್ ಓಡಬಲ್ಲ ಹಡಗು 16 ನಾಟ್ ಆಸುಪಾಸಿಗೆ ಇಳಿಯಿತು. ಡಿಸೆಂಬರ್ ತಿಂಗಳಲ್ಲಿ ಬಂಗಾಳ ಕೊಲ್ಲಿ ಬಹುಮಟ್ಟಿಗೆ ಶಾಂತ. ಗಾಳಿಯೂ ಕೈಕೊಟ್ಟರೆ, ಹಡಗಿನ ವೇಗವೂ ಇಲ್ಲದಿದ್ದರೆ, ವಿಮಾನಗಳು ಡೆಕ್ಕಿನ ಮೇಲೆಯೇ ಕೂತಿರಬೇಕಾಗುತ್ತದೆ.

1965ರ ಯುದ್ಧದ ವೇಳೆ ವಿಕ್ರಾಂತ್ ದುರಸ್ತಿಗೆಂದು ಮುಂಬಯಿಯ ಒಣಕಟ್ಟೆಯಲ್ಲಿತ್ತು, ಆ ನೋವು ನೌಕಾಪಡೆಯಲ್ಲಿ ಇನ್ನೂ ಹಸಿಯಾಗಿತ್ತು. ಎರಡನೆಯ ಸಲವೂ ಹಡಗನ್ನು ಬಂದರಿನಲ್ಲೇ ನಿಲ್ಲಿಸಿದರೆ ವಿಮಾನವಾಹಕ ನೌಕೆ ಎಂಬುದೇ ದಂಡದ ಖರ್ಚು ಎನ್ನುವವರಿಗೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಹಡಗನ್ನು ಪೂರ್ವ ಕರಾವಳಿಗೆ ಕಳುಹಿಸಿ, ಶತ್ರುವಿಗೆ ಸುಳಿವು ಸಿಗದಂತೆ ಅಂಡಮಾನ್ ದ್ವೀಪಗಳ ನಡುವೆ ಅಡಗಿಸಿ ಇಟ್ಟರು. ಅದನ್ನು ಮುಳುಗಿಸಲೆಂದೇ ಬಂದ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ ವಿಶಾಖಪಟ್ಟಣದ ಎದುರು ತಾನೇ ಮುಳುಗಿತು.

ಡಿಸೆಂಬರ್ 4ರ ಬೆಳಿಗ್ಗೆ ಎಂಟು ಸೀ ಹಾಕ್‌ಗಳು ಹೊರಟು ಕಾಕ್ಸ್ ಬಜಾರ್ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿದವು. ಅದೇ ಮಧ್ಯಾಹ್ನ ಚಿತ್ತಗಾಂಗ್. ಮುಂದಿನ ದಿನಗಳಲ್ಲಿ ಖುಲ್ನಾ, ಮೋಂಗ್ಲಾ, ನದೀಮುಖಗಳಲ್ಲಿ ನಿಂತಿದ್ದ ಹಡಗುಗಳು. ಹಗಲಿನ ದಾಳಿ ಸೀ ಹಾಕ್‌ಗಳದ್ದು. ಕತ್ತಲಾದ ಮೇಲೆ ಅದೇ ಡೆಕ್ಕಿನಿಂದ 310ನೇ ಸ್ಕ್ವಾಡ್ರನ್‌ನ ಆಲಿಜೆ ಎಂಬ ಪ್ರೊಪೆಲ್ಲರ್ ವಿಮಾನಗಳು ಹೋಗುತ್ತಿದ್ದವು. ಕೆಲವು ಸೀ ಹಾಕ್‌ಗಳು ಮೈಗೆ ಗುಂಡು ತಾಗಿಸಿಕೊಂಡೇ ಮರಳಿದವು, ಆದರೆ ಒಂದೂ ನಷ್ಟವಾಗಲಿಲ್ಲ. ದಳದ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕಮಾಂಡರ್ ಎಸ್. ಕೆ. ಗುಪ್ತಾ ಅವರಿಗೂ ಹಡಗಿನ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರಿಗೂ ಮಹಾವೀರ ಚಕ್ರ ಬಂತು.

ಢಾಕಾದ ಶರಣಾಗತಿಯ ಕಥೆ ಹೇಳುವವರು ಈ ದಾಳಿಗಳನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಸರಿಯಲ್ಲ. ಪೂರ್ವ ಪಾಕಿಸ್ತಾನದ ಪಡೆಗೆ ಭೂಮಿಯ ಮೇಲಿನ ದಾರಿಗಳೆಲ್ಲ ಮುಚ್ಚಿದ್ದಾಗ ಉಳಿದದ್ದು ಕಡಲಿನ ದಾರಿಯೊಂದೇ; ಚಿತ್ತಗಾಂಗ್ ಬಂದರು ಕೆಲಸಕ್ಕೆ ಬಾರದಂತಾದ ಮೇಲೆ ಆ ಕಡೆಯಿಂದ ಸಹಾಯ ಬರುವ ಆಸೆಯೂ ತಪ್ಪಿಸಿಕೊಂಡು ಹೋಗುವ ಆಸೆಯೂ ಮುಗಿಯಿತು. ಅದನ್ನು ಮಾಡಿದ್ದು ಮೂರು ಬಾಯ್ಲರ್‌ಗಳ ಹಡಗು ಮತ್ತು ಆ ಕಾಲಕ್ಕೇ ಹಳತಾಗಿದ್ದ ವಿಮಾನಗಳು.

ಪ್ರಶ್ನೆ: ನಿಂತಲ್ಲಿಂದಲೇ ಮೇಲೇಳುವ ಸೀ ಹ್ಯಾರಿಯರ್ ವಿಮಾನಗಳನ್ನು ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ನೋಡಿ ಬೆರಗಾಗಿದ್ದೆ. ಅಂತಹ ವಿಮಾನವನ್ನು ಬಿಟ್ಟು, ಓಡಿ ಹಾರುವ ವಿಮಾನಕ್ಕೆ ಮತ್ತೆ ಹೋದದ್ದು ಏಕೆ?
(ಬ್ಯಾಂಕ್ ಉದ್ಯೋಗಿ, ಕುಮಟಾ)

ಉತ್ತರ: ಸೀ ಹ್ಯಾರಿಯರ್ ಬಂದದ್ದೇ ಹಡಗಿನ ಕೊರತೆಯನ್ನು ತುಂಬಲು. ಸೀ ಹಾಕ್ ಹಳತಾದಾಗ ಅದರ ಜಾಗಕ್ಕೆ ಬರಬಹುದಾಗಿದ್ದ ಹೊಸ ಕಾಲದ ಜೆಟ್‌ಗಳು 213 ಮೀಟರಿನ ವಿಕ್ರಾಂತ್‌ಗೆ ಭಾರವಾಗುತ್ತಿದ್ದವು. ಎಂಜಿನ್ನಿನ ಬಿಸಿಗಾಳಿಯನ್ನು ನಾಲ್ಕು ತಿರುಗುವ ಕೊಳವೆಗಳ ಮೂಲಕ ಹಿಂದಕ್ಕೂ ಕೆಳಕ್ಕೂ ಬಿಡಬಲ್ಲ ಸೀ ಹ್ಯಾರಿಯರ್‌ಗೆ ಇಳಿದಾಗ ತಡೆದು ನಿಲ್ಲಿಸುವ ಕೊಕ್ಕೆಯೂ ಬೇಡ, ಉಕ್ಕಿನ ಹಗ್ಗವೂ ಬೇಡ. 1979ರಲ್ಲಿ ಬೇಡಿಕೆ ಸಲ್ಲಿಸಲಾಯಿತು. ಬ್ರಿಟನ್ನಿನಲ್ಲಿ ತರಬೇತಿ ಪಡೆದ ನಮ್ಮ ಪೈಲಟ್‌ಗಳು ಮೊದಲ ಮೂರು ವಿಮಾನಗಳನ್ನು ತಾವೇ ಹಾರಿಸಿಕೊಂಡು 1983ರ ಡಿಸೆಂಬರ್ 16ರಂದು ದಾಬೋಲಿಂನಲ್ಲಿ ಇಳಿಸಿದರು.

ನಿಂತಲ್ಲಿಂದ ಏಳುವುದು ನೋಡಲು ಚೆಂದ, ಆದರೆ ನಿತ್ಯದ ಕೆಲಸದಲ್ಲಿ ಹಾಗೆ ಏಳುತ್ತಿರಲಿಲ್ಲ. ಹಾಗೆ ಎದ್ದರೆ ಇಂಧನ ಸುರಿದುಹೋಗುತ್ತದೆ, ಶಸ್ತ್ರ ಹೊರುವ ಶಕ್ತಿ ಉಳಿಯುವುದಿಲ್ಲ. ಅದಕ್ಕೇ ಡೆಕ್ಕಿನ ಮುಂತುದಿಯನ್ನು ಜಾರುಬಂಡೆಯ ಕೊನೆಯಂತೆ ಮೇಲಕ್ಕೆ ಬಾಗಿಸಿದ ಸ್ಕೀ-ಜಂಪ್ ಬಂತು. ಅಲ್ಪ ದೂರ ಓಡಿದ ವಿಮಾನ ಅಲ್ಲಿಂದ ಮೇಲ್ಮುಖವಾಗಿ ಚಿಮ್ಮುತ್ತದೆ. ಹಳೆಯ ವಿಕ್ರಾಂತ್‌ನ ಕ್ಯಾಟಪಲ್ಟ್ ತೆಗೆದು 9.75 ಡಿಗ್ರಿಯ ಸ್ಕೀ-ಜಂಪ್ ಕೂರಿಸಿದರು. 1987ರಲ್ಲಿ ಬಂದ ಎರಡನೆಯ ವಿಮಾನವಾಹಕ ವಿರಾಟ್‌ನಲ್ಲಿ ಅದು 12 ಡಿಗ್ರಿ ಇತ್ತು. ಇಳಿಯುವುದು ಮಾತ್ರ ನೆಟ್ಟಗೆ. ಹಡಗಿನ ಪಕ್ಕಕ್ಕೆ ಬಂದು ಗಾಳಿಯಲ್ಲಿ ನಿಂತು, ಅಡ್ಡಕ್ಕೆ ಸರಿದು, ಡೆಕ್ಕಿನ ಮೇಲೆ ಕೂರಬೇಕು. ಸೆಕೆ ಹೆಚ್ಚಿದಂತೆ ಗಾಳಿ ತೆಳುವಾಗಿ ಎಂಜಿನ್ನಿನ ಎತ್ತುವ ಬಲ ಕುಗ್ಗುತ್ತದೆ. ನಮ್ಮ ಕರಾವಳಿಯ ಏಪ್ರಿಲ್ ತಿಂಗಳು ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಆ ಕೆಲವು ಕ್ಷಣಗಳಿಗೆಂದೇ ವಿಮಾನ ಒಂದು ಟ್ಯಾಂಕಿನಲ್ಲಿ ನೀರು ಹೊತ್ತಿರುತ್ತಿತ್ತು. ಅದನ್ನು ಎಂಜಿನ್ನಿಗೆ ಚಿಮುಕಿಸಿ ತಂಪುಮಾಡಿ ಹೆಚ್ಚಿನ ಬಲ ಪಡೆಯುತ್ತಿದ್ದರು.

ಅದರ ಬೆಲೆಯೂ ದೊಡ್ಡದಾಗಿತ್ತು. ನೌಕಾಪಡೆ ಕೊಂಡ ಸುಮಾರು 30 ಸೀ ಹ್ಯಾರಿಯರ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಅಪಘಾತಗಳಲ್ಲಿ ಹೋದವು. ಬ್ರಿಟನ್ 2006ರಲ್ಲೇ ತನ್ನವುಗಳನ್ನು ಕೈಬಿಟ್ಟದ್ದರಿಂದ ಬಿಡಿಭಾಗಗಳು ಸಿಗುವುದೂ ಕಷ್ಟವಾಯಿತು. ಶಬ್ದದ ವೇಗವನ್ನು ಮೀರಲಾಗದು, ದೂರ ಹೋಗಲಾಗದು. ಇಸ್ರೇಲಿನ ರೇಡಾರ್ ಮತ್ತು ಕ್ಷಿಪಣಿ ಕೂರಿಸಿ ಕೆಲವನ್ನು ಹೊಸಮಾಡಿದರೂ ಅದು ಆಯಸ್ಸು ಮುಂದೂಡಿದಂತೆಯೇ ಹೊರತು ಮತ್ತೇನಲ್ಲ. 2016ರ ಮೇ 11ರಂದು ದಾಬೋಲಿಂನಲ್ಲಿ ಅವುಗಳಿಗೆ ವಿದಾಯ ಹೇಳಲಾಯಿತು. ಕೊಚ್ಚಿಯ ಐಎನ್‌ಎಸ್ ಗರುಡದೊಂದಿಗೆ ನೌಕಾಪಡೆಯ ವಾಯುಶಾಖೆ 1953ರಲ್ಲಿ ಶುರುವಾದದ್ದೂ ಮೇ 11ರಂದೇ.

ಪ್ರಶ್ನೆ: ಹಾಗಾದರೆ ಈಗ ದಳದ ಬಳಿ ಇರುವುದು ಯಾವ ವಿಮಾನ? ಮುಂದೆ ಬರುವುದು ಯಾವುದು?
(ಓದುಗರು, ಅಂಕೋಲಾ)

ಉತ್ತರ: ಈಗಿರುವುದು ರಷ್ಯಾದ ಮಿಗ್-29ಕೆ. ಹ್ಯಾರಿಯರ್‌ಗೆ ವಿದಾಯ ಹೇಳಿದ ಅದೇ ಸಮಾರಂಭದಲ್ಲಿ ಬಿಳಿ ಹುಲಿಗಳು ಮಿಗ್ ದಳವಾದರು. ಅವರಿಗಿಂತ ಮೂರು ವರ್ಷ ಮೊದಲೇ, 2013ರ ಮೇ 11ರಂದು, 303ನೇ ಸ್ಕ್ವಾಡ್ರನ್ ಅದೇ ಮಿಗ್‌ಗಳೊಂದಿಗೆ ಶುರುವಾಗಿತ್ತು. ಅವರ ಅಡ್ಡಹೆಸರು ಕರಿ ಚಿರತೆಗಳು. ಒಟ್ಟು 45 ಮಿಗ್-29ಕೆಗಳನ್ನು ಎರಡು ಕಂತಿನಲ್ಲಿ ಕೊಳ್ಳಲಾಯಿತು. ಅವುಗಳಿಗೆ ತಕ್ಕ ಹಡಗಾದ ವಿಕ್ರಮಾದಿತ್ಯ 2013ರ ನವೆಂಬರ್ 16ರಂದು ರಷ್ಯಾದಲ್ಲಿ ನೌಕಾಪಡೆ ಸೇರಿ, 2014ರ ಜನವರಿ ಮೊದಲ ವಾರ ಮುಗಿಯುವ ಹೊತ್ತಿಗೆ ಕಾರವಾರ ತಲುಪಿತು.

ಏಳು ಟನ್ನಿನ ಸೀ ಹಾಕ್ ಎಲ್ಲಿ, ಪೂರ್ತಿ ಹೊರೆ ಹೊತ್ತಾಗ 24 ಟನ್ ದಾಟುವ ಮಿಗ್ ಎಲ್ಲಿ! ಹಾರುವಾಗ ಡೆಕ್ಕಿನಿಂದ ಮೇಲೆದ್ದ ತಡೆಗಳು ಮಿಗ್‌ನ ಗಾಲಿಗಳನ್ನು ಹಿಡಿದಿರುತ್ತವೆ; ಎರಡೂ ಎಂಜಿನ್‌ಗಳು ಪೂರ್ಣ ಬಲಕ್ಕೆ ಬಂದು ಹಿಂದೆ ಬೆಂಕಿಯ ನಾಲಗೆ ಚಾಚಿದ ಮೇಲೆ ತಡೆ ಕೆಳಗಿಳಿಯುತ್ತದೆ, ಇನ್ನೂರು ಮೀಟರಿಗಿಂತ ಕಡಿಮೆ ಓಟದಲ್ಲಿ ವಿಮಾನ 14 ಡಿಗ್ರಿಯ ಏರನ್ನು ಹತ್ತಿ ಹೊರಗೆ ಚಿಮ್ಮುತ್ತದೆ. ಇಳಿಯುವಾಗ ಬಾಲದ ಕೆಳಗಿನ ಕೊಕ್ಕೆ ಡೆಕ್ಕಿಗೆ ಅಡ್ಡ ಕಟ್ಟಿದ ಮೂರು ಉಕ್ಕಿನ ಹಗ್ಗಗಳಲ್ಲಿ ಒಂದನ್ನು ಹಿಡಿಯಬೇಕು. ಗಾಲಿ ಡೆಕ್ಕಿಗೆ ತಾಗಿದ ಕ್ಷಣದಲ್ಲಿ ಪೈಲಟ್ ಎಂಜಿನ್ನನ್ನು ತಗ್ಗಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ. ಕೊಕ್ಕೆ ಹಗ್ಗಕ್ಕೆ ಸಿಕ್ಕರೆ ಹೇಗೂ ನಿಲ್ಲುತ್ತದೆ; ಸಿಗದಿದ್ದರೆ ಅದೇ ವೇಗದಲ್ಲಿ ಮತ್ತೆ ಗಾಳಿಗೆ ಏರಿ ಸುತ್ತು ಹಾಕಿ ಬರಬೇಕು, ಇಲ್ಲವಾದರೆ ನೀರಿಗೆ ಬೀಳಬೇಕು. ಈ ಅಭ್ಯಾಸಕ್ಕಾಗಿ ಐಎನ್‌ಎಸ್ ಹಂಸದಲ್ಲಿ ಸ್ಕೀ-ಜಂಪ್ ಮತ್ತು ಹಗ್ಗಗಳ ಸಹಿತ ಒಂದು ನಕಲು ಡೆಕ್ಕನ್ನು ನೆಲದ ಮೇಲೆ ಕಟ್ಟಿದ್ದಾರೆ.

ಮಿಗ್-29ಕೆ ಬಗ್ಗೆ ದೂರುಗಳೂ ಇದ್ದವು. 2016ರ ಮಹಾಲೇಖಪಾಲರ ವರದಿ ಹಾರಲು ಸಿದ್ಧವಿದ್ದ ವಿಮಾನಗಳ ಪ್ರಮಾಣ ಶೇ. 16ರಿಂದ 38ರ ನಡುವೆ ಇತ್ತೆಂದು ದಾಖಲಿಸಿತ್ತು. ಅದು ಯಾವ ದಳಕ್ಕೂ ಮೆಚ್ಚುಗೆಯ ಮಾತಲ್ಲ. ದೇಶದ್ದೇ ಆದ ತೇಜಸ್‌ನ ನೌಕಾ ಮಾದರಿ 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ ಇಳಿದು ತೋರಿಸಿತು, ಆದರೆ ಒಂದೇ ಎಂಜಿನ್ನಿನ ಅದನ್ನು ದಳಕ್ಕೆ ಸೇರಿಸುವ ಬದಲು ಎರಡು ಎಂಜಿನ್ನಿನ ಹೊಸ ಮಾದರಿಯತ್ತ ನೌಕಾಪಡೆ ಮುಖ ತಿರುಗಿಸಿದೆ. ನಡುವಿನ ಅವಧಿಗೆಂದು 2025ರ ಏಪ್ರಿಲ್ 28ರಂದು ಫ್ರಾನ್ಸಿನೊಡನೆ 26 ರಫೇಲ್-ಎಂ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದಿತು. ಅವುಗಳಲ್ಲಿ 22 ಒಂದು ಆಸನದವು, 4 ತರಬೇತಿಯ ಎರಡು ಆಸನದವು.

ಪ್ರಶ್ನೆ: ಹುಲಿಯ ಲಾಂಛನ ವಾಯುಪಡೆಯ ಒಂದನೇ ಸ್ಕ್ವಾಡ್ರನ್‌ನದ್ದಲ್ಲವೇ? ನೀವು ತಪ್ಪು ಬರೆದಿರಬೇಕು.
(ಓದುಗರು, ಯಲ್ಲಾಪುರ)

ಉತ್ತರ: ಎರಡೂ ಸರಿ. ವಾಯುಪಡೆಯ ಒಂದನೇ ಸ್ಕ್ವಾಡ್ರನ್‌ನ ಹೆಸರು ಬರಿಯ ‘ಹುಲಿಗಳು’. ಮಿರಾಜ್-2000 ಹಾರಿಸುವ ಅದರ ನೆಲೆ ಗ್ವಾಲಿಯರ್. ನೌಕಾಪಡೆಯವು ‘ಬಿಳಿ ಹುಲಿಗಳು’. ಕಾಡು ಬೇರೆ, ಕಡಲು ಬೇರೆ.

ಪ್ರಶ್ನೆ: ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಹಳೆಯ ಯುದ್ಧನೌಕೆ ಐಎನ್‌ಎಸ್ ಚಪಲ್ ಪಕ್ಕದಲ್ಲಿ ನಿಲ್ಲಿಸಿರುವ ದೊಡ್ಡ ವಿಮಾನ ಇದೇ ದಳದ್ದೇ?
(ಶಾಲಾ ವಿದ್ಯಾರ್ಥಿ, ಮಾಜಾಳಿ)

ಉತ್ತರ: ಅಲ್ಲ ಮಗು. ಅದು ಯುದ್ಧವಿಮಾನವೇ ಅಲ್ಲ, ಟುಪೊಲೆವ್-142ಎಂ ಎಂಬ ಕಡಲ ಕಾವಲು ವಿಮಾನ. ಜಲಾಂತರ್ಗಾಮಿಗಳನ್ನು ಹುಡುಕುತ್ತ ಗಂಟೆಗಟ್ಟಲೆ ಸಮುದ್ರದ ಮೇಲೆ ಸುತ್ತುವುದು ಅದರ ಕೆಲಸವಾಗಿತ್ತು. ಅದನ್ನು ಹಾರಿಸುತ್ತಿದ್ದದ್ದು 312ನೇ ಸ್ಕ್ವಾಡ್ರನ್, ನೆಲೆ ತಮಿಳುನಾಡಿನ ಅರಕ್ಕೋಣಂ. 1988ರಿಂದ 2017ರವರೆಗೆ ಸೇವೆಯಲ್ಲಿತ್ತು. ಮುಂದಿನ ಸಲ ಹೋದಾಗ ಎಂಜಿನ್‌ಗಳನ್ನು ಹತ್ತಿರದಿಂದ ನೋಡು. ನಾಲ್ಕು ಎಂಜಿನ್ನುಗಳಲ್ಲಿ ಪ್ರತಿಯೊಂದಕ್ಕೂ ಒಂದರ ಹಿಂದೆ ಒಂದರಂತೆ ಎರಡು ಪ್ರೊಪೆಲ್ಲರ್‌ಗಳಿವೆ. ಹಾರುವಾಗ ಅವು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು. ಅದರ ರೆಕ್ಕೆಗಳ ಹರವು ಸುಮಾರು 50 ಮೀಟರ್. ಯಾವ ವಿಮಾನವಾಹಕದ ಮೇಲೂ ಅದು ಇಳಿಯುವಂತಿರಲಿಲ್ಲ.

ಪ್ರಶ್ನೆ: ಸೀಬರ್ಡ್ ನೌಕಾನೆಲೆಗೂ ಈ ದಳಕ್ಕೂ ವಿಕ್ರಮಾದಿತ್ಯವನ್ನು ಬಿಟ್ಟರೆ ಬೇರೆ ನಂಟು ಇದೆಯೇ? ಹಳೆಯ ಸೀ ಹಾಕ್ ವಿಮಾನವನ್ನು ಎಲ್ಲಿ ನೋಡಬಹುದು?
(ವಕೀಲರು, ಭಟ್ಕಳ)

ಉತ್ತರ: ಇದೆ, ಮತ್ತು ಅದನ್ನು ಯಾರೂ ಹೆಚ್ಚು ಗಮನಿಸಿದಂತಿಲ್ಲ. ಸೀಬರ್ಡ್ ಯೋಜನೆಗೆ ಪ್ರಧಾನಿ ರಾಜೀವ್ ಗಾಂಧಿಯವರು ಅಡಿಗಲ್ಲು ಹಾಕಿದ್ದು 1986ರ ಅಕ್ಟೋಬರ್ 24ರಂದು. ಆಗ ನೌಕಾಪಡೆಯ ಮುಖ್ಯಸ್ಥರಾಗಿದ್ದವರು ಅಡ್ಮಿರಲ್ ತಹಿಲಿಯಾನಿ, ವಿಕ್ರಾಂತ್ ಮೇಲೆ ಮೊದಲ ಸೀ ಹಾಕ್ ಇಳಿಸಿದ ಅದೇ ಲೆಫ್ಟಿನೆಂಟ್. ನೆಲೆ ಸಿದ್ಧವಾಗಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಆ ಹೊತ್ತಿಗೆ ಮುಖ್ಯಸ್ಥರಾಗಿದ್ದವರು ಅಡ್ಮಿರಲ್ ಅರುಣ್ ಪ್ರಕಾಶ್; ಸೀ ಹ್ಯಾರಿಯರ್‌ಗಳು ಬಂದ ಕಾಲದಲ್ಲಿ ಬಿಳಿ ಹುಲಿಗಳನ್ನು ಮುನ್ನಡೆಸಿದವರು. ಅವರ ವೀರಚಕ್ರದ ಕಥೆ ಇನ್ನೂ ಸ್ವಾರಸ್ಯದ್ದು: 1971ರಲ್ಲಿ ತಮ್ಮ ದಳದವರು ಬಂಗಾಳ ಕೊಲ್ಲಿಯಲ್ಲಿದ್ದಾಗ ಅವರು ಎರವಲು ಸೇವೆಯ ಮೇಲೆ ವಾಯುಪಡೆಯ 20ನೇ ಸ್ಕ್ವಾಡ್ರನ್‌ನಲ್ಲಿದ್ದು, ಪಶ್ಚಿಮದ ಗಡಿಯಲ್ಲಿ ಹಂಟರ್ ವಿಮಾನ ಹಾರಿಸಿ ಆ ಪದಕ ಪಡೆದರು. ಅಡಿಗಲ್ಲಿನಿಂದ ಕಾರ್ಯಾರಂಭದವರೆಗೆ ಸುಮಾರು ಹತ್ತೊಂಬತ್ತು ವರ್ಷ ಹಿಡಿಯಿತು, ಅದರ ಎರಡೂ ತುದಿಯಲ್ಲಿ ಈ ದಳದ ಪೈಲಟ್‌ಗಳೇ ಇದ್ದರು.

ಸೀ ಹಾಕ್ ನೋಡಲು ನೀವು ಹೆಚ್ಚು ದೂರ ಹೋಗಬೇಕಾಗಿಲ್ಲ. ದಾಬೋಲಿಂ ವಿಮಾನ ನಿಲ್ದಾಣದ ಬಳಿ, ಬೋಗಮಾಳೊಗೆ ಹೋಗುವ ರಸ್ತೆಯಲ್ಲಿ, ನೌಕಾ ವಾಯುಯಾನ ವಸ್ತುಸಂಗ್ರಹಾಲಯವಿದೆ. ಭಟ್ಕಳದಿಂದ ಕೊಂಕಣ ರೈಲಿನಲ್ಲಿ ಮಡಗಾಂವ್‌ಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ಬಯಲಿನಲ್ಲಿ ಸೀ ಹಾಕ್, ಆಲಿಜೆ, ಸೀ ಹ್ಯಾರಿಯರ್ ಮೂರನ್ನೂ ನಿಲ್ಲಿಸಿದ್ದಾರೆ. ಸೀ ಹಾಕ್‌ನ ಎದುರು ನಿಂತರೆ ಅದು ಎಷ್ಟು ಚಿಕ್ಕದೆಂಬುದು ಮೊದಲು ಕಣ್ಣಿಗೆ ಬೀಳುತ್ತದೆ. ಹಿಂದಕ್ಕೆ ಹೋಗಿ ಬಾಲದ ಬುಡವನ್ನೂ ನೋಡಿ. ಎಂಜಿನ್ನಿನ ಬಿಸಿಗಾಳಿ ಬಾಲದ ಕೊನೆಯಲ್ಲಿ ಹೊರಬೀಳದೆ, ರೆಕ್ಕೆಯ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಬಾಯಿಯಿಂದ ಬರುವಂತೆ ಮಾಡಿದ್ದಾರೆ. ಆ ಉಳಿದ ಜಾಗದಲ್ಲಿ ಇಂಧನದ ಟ್ಯಾಂಕನ್ನೂ, ಬಾಲದ ಕೆಳಗೆ ಉಕ್ಕಿನ ಹಗ್ಗ ಹಿಡಿಯುವ ಕೊಕ್ಕೆಯನ್ನೂ ಅಳವಡಿಸಿದ್ದರು.